ಆರಾಮ ಕುರ್ಚಿಯ ಉಮೇದುವಾರ

ಡ್ರಾಯಿಂಗ್ ಮೇಷ್ಟ್ರ ಆರಾಮ ಕುರ್ಚಿಯ ಬಟ್ಟೆ ಅಂದು ಬೆಳಗ್ಗೆ ಪರ್ರೆಂದು ಹರಿಯದೆ ಇದ್ದಿದ್ದರೆ ಆ ವಾರ್ಡಿನ ರಾಜಕೀಯ ಚರಿತ್ರೆ ಬೇರೆಯೇ ದಾರಿ ಹಿಡಿಯುತ್ತಿತ್ತು.

ಅದು ಅಂತಿಂಥ ಕುರ್ಚಿಯಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಕರಿಹಲಗೆಯ ಮುಂದೆ ನಿಂತು, ನಿಲ್ಲದ ಮಕ್ಕಳಿಗೆ ಹೂಜಿ, ಲಾಟೀನು, ಕೊಡೆಗಳ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಶಾಲೆಯವರು ಕೊಟ್ಟ ಉಡುಗೊರೆ. ಹೆಡ್ ಮೇಷ್ಟ್ರು ಅದನ್ನು ಒಪ್ಪಿಸುತ್ತ, “ಇಷ್ಟು ವರ್ಷ ನಿಂತಿರಿ, ಇನ್ನು ಕೂತಿರಿ” ಎಂದಿದ್ದರು. ಹೆಡ್ ಮೇಷ್ಟ್ರ ಅಪ್ಪಣೆಯನ್ನು ಎಂದೂ ಮೀರದ ಮೇಷ್ಟ್ರು ಇದನ್ನೂ ಅಕ್ಷರಶಃ ಪಾಲಿಸಬೇಕೆಂದು ನಿಶ್ಚಯಿಸಿದರು. ಜಗಲಿಯ ಮೂಲೆಯಲ್ಲಿ ಕುರ್ಚಿ, ಅದರ ಎಡಗೈ ಮೇಲೆ ಕಾಫಿಯ ಲೋಟ, ಬಲಗೈ ಮೇಲೆ ಪತ್ರಿಕೆ, ಮುಂದೆ ಚಾಚಿದ ಎರಡು ಕಾಲು. ಬೆಳಗಿನ ಅದೊಂದು ಗಂಟೆ ತಮ್ಮದಾದರೆ ಉಳಿದ ಇಪ್ಪತ್ತಮೂರನ್ನು ಲೋಕಕ್ಕೆ ಬಿಟ್ಟುಕೊಡಲು ಅವರು ಸಿದ್ಧರಿದ್ದರು. ಲೋಕಕ್ಕೆ ಮಾತ್ರ ಆ ಒಂದು ಗಂಟೆಯೇ ಬೇಕಾಗಿತ್ತು.

ಕಾರಣ, ಪಕ್ಕದ ಮನೆ. ಅಲ್ಲಿದ್ದವರು ವಾರ್ಡಿನ ಪುರಸಭಾ ಸದಸ್ಯರು; ಊರಿನವರ ಬಾಯಲ್ಲಿ ‘ಮೆಂಬರ್ರು’. ಎರಡೂ ಮನೆಗಳನ್ನು ಒಬ್ಬನೇ ಮೇಸ್ತ್ರಿ ಒಂದೇ ಅಚ್ಚಿನಲ್ಲಿ ಕಟ್ಟಿದ್ದ. ಅದೇ ಹಸಿರು ಗೇಟು, ಅದೇ ಮೂರು ಮೆಟ್ಟಿಲು. ವ್ಯತ್ಯಾಸವಿಷ್ಟೇ: ಮೆಂಬರ್ರು ತಡವಾಗಿ ಏಳುವವರಾದ್ದರಿಂದ ಅವರ ಗೇಟಿಗೆ ಬೀಗ, ಮೇಷ್ಟ್ರು ಬೇಗ ಏಳುವವರಾದ್ದರಿಂದ ಅವರ ಗೇಟು ತೆರೆದಿರುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲದವರು, ಚರಂಡಿಯಲ್ಲಿ ನೀರು ನಿಂತವರು, ದೀಪ ಉರಿಯದವರು ಎಲ್ಲರೂ ಬೆಳಕು ಹರಿಯುವ ಮೊದಲೇ ಬಂದು ಮೇಷ್ಟ್ರ ಜಗಲಿಯಲ್ಲಿ ಸಾಲಾಗಿ ಕುಳಿತುಬಿಡುತ್ತಿದ್ದರು. ಮೊದಲು ಕುಡಿಯಲು ನೀರು ಕೇಳಿದರು. ಆಮೇಲೆ ಬರೆಯಲು ಪೆನ್ನು ಕೇಳಿದರು. ತಿಂಗಳೊಪ್ಪತ್ತಿನಲ್ಲಿ, “ನಿಮ್ಮ ಅಕ್ಷರ ಮುತ್ತಿನ ಹಾಗಿದೆಯಂತೆ, ಅರ್ಜೀನೂ ನೀವೇ ಬರೆದುಬಿಡಿ” ಎನ್ನುವಲ್ಲಿಗೆ ಬಂತು.

ಮೇಷ್ಟ್ರು ಒಂದು ಉಪಾಯ ಮಾಡಿದರು. ಒಳ್ಳೆಯ ಹಲಗೆಯೊಂದನ್ನು ಹುಡುಕಿ, ಕೆಂಪು ಅಕ್ಷರಕ್ಕೆ ಕಪ್ಪು ನೆರಳು ಕೊಟ್ಟು, ‘ಮೆಂಬರ್ ಭೇಟಿಗೆ ಪಕ್ಕದ ಮನೆ’ ಎಂದು ಬರೆದು, ಕೆಳಗೊಂದು ಬಾಣದ ಗುರುತು ಹಾಕಿ ಗೇಟಿಗೆ ತೂಗುಹಾಕಿದರು. ಬಾಣವೆಂದರೆ ಬಾಣ! ಬಿಟ್ಟರೆ ಹಾರಿಹೋಗುವಂತಿತ್ತು. ಆದರೆ ‘ಮೆಂಬರ್’ ಎಂಬ ಅಕ್ಷರ ಎಷ್ಟು ಸೊಗಸಾಗಿ ಬಂದಿತ್ತೆಂದರೆ, ಬೀದಿಯ ತುದಿಯಿಂದಲೇ ಅದು ಕಣ್ಣು ಕುಕ್ಕಿ, ಜನ ಮುಂದಿನದನ್ನು ಓದುವ ಗೋಜಿಗೇ ಹೋಗದೆ ನೆಟ್ಟಗೆ ಒಳಕ್ಕೆ ಬರತೊಡಗಿದರು. “ಮೆಂಬರ್ ಅಂದ್ರೆ ಹೀಗಿರ್ಬೇಕು, ಏನು ಬೋರ್ಡು, ಏನು ಅಂದ!” ಎಂದು ಮೆಚ್ಚಿ, ಮೊದಲಿಗಿಂತ ದುಪ್ಪಟ್ಟು ಜನ ಸೇರಿದರು.

ಅಂದು ಬೆಳಗ್ಗೆ ಮೇಷ್ಟ್ರು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಅವರ ಕುರ್ಚಿಯಲ್ಲಿ ಮರದ ಮಂಡಿಯ ಯಜಮಾನ ಕುಳಿತಿದ್ದ. ಕುಳಿತಿದ್ದ ಎನ್ನುವುದಕ್ಕಿಂತ ಕುರ್ಚಿಯನ್ನು ತುಂಬಿಕೊಂಡಿದ್ದ ಎನ್ನುವುದೇ ಸರಿ; ತನ್ನ ಮಂಡಿಯ ದಿಮ್ಮಿಗಳಿಗೆ ದೊಡ್ಡಣ್ಣನಂತಿದ್ದ ಆಳು. ಕೈಯಲ್ಲಿ ಮೇಷ್ಟ್ರ ಪತ್ರಿಕೆ, ಪಕ್ಕದಲ್ಲಿ ಮೇಷ್ಟ್ರ ಕಾಫಿ. ಯಾರೋ ನೆಂಟರಿರಬೇಕೆಂದು ಮೇಷ್ಟ್ರ ಹೆಂಡತಿ ತಂದಿಟ್ಟು ಹೋಗಿದ್ದರು. ಬಾಗಿಲಲ್ಲಿ ನಿಂತ ಮೇಷ್ಟ್ರನ್ನು ಅವನು ಕನ್ನಡಕದ ಮೇಲಿಂದ ನೋಡಿ, ದೊಡ್ಡ ಮನಸ್ಸು ಮಾಡಿ ಹೇಳಿದ:

“ಬನ್ನಿ, ಬನ್ನಿ, ಎಲ್ಲಾದ್ರೂ ಜಾಗ ಮಾಡ್ಕೊಂಡು ಕೂತ್ಕೊಳ್ಳಿ. ನಿಮ್ಮದೇನು? ನಲ್ಲಿನಾ, ಚರಂಡಿನಾ?”

“ಇದು ನನ್ನ ಮನೆ!” ಎಂದರು ಮೇಷ್ಟ್ರು.

“ಅಯ್ಯೋ, ಹೌದಾ! ಮೊದಲೇ ಹೇಳೋದಲ್ವಾ,” ಎಂದು ಅವನು ಮರ್ಯಾದೆಗಾಗಿ ಏಳಹೋದ. ಆ ಮರ್ಯಾದೆಯೇ ಮುಳುವಾಯಿತು. ಏಳಲು ಮೈಭಾರವನ್ನೆಲ್ಲ ಒಂದೆಡೆ ತಂದದ್ದೇ ತಡ, ಬಟ್ಟೆ ಪರ್ರೆಂದು ಸೀಳಿ, ಅವನ ದೇಹ ಕೆಳಗೂ ಕಾಲುಗಳು ಮೇಲೂ ಆಗಿ, ಮಗುಚಿಬಿದ್ದ ಆಮೆಯಂತೆ ಚೌಕಟ್ಟಿನ ನಡುವೆ ಸಿಕ್ಕಿಕೊಂಡ. ನಲ್ಲಿಯವರಿಬ್ಬರು, ಚರಂಡಿಯವನೊಬ್ಬ ಸೇರಿ ಅವನನ್ನು ಹೊರಗೆಳೆದರು.

ಮೇಷ್ಟ್ರ ಸಹನೆಯೂ ಅದೇ ಬಟ್ಟೆಯ ಜೊತೆಗೆ ಹರಿಯಿತು. ಬರಿಯ ಚೌಕಟ್ಟನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ, ಬೀದಿಗೆಲ್ಲ ಕೇಳುವಂತೆ ಗುಡುಗಿದರು: “ಸಾಕು! ಸಾಕಾಗಿ ಹೋಯ್ತು ಈ ಮೆಂಬರ್ ಸಹವಾಸ! ಈ ಸಲ ಆ ಮನುಷ್ಯನ್ನ ಇಳಿಸದೇ ಬಿಡಲ್ಲ. ಬೇರೆ ಯಾರೂ ಇಲ್ದಿದ್ರೆ ನಾನೇ ನಿಲ್ತೀನಿ ಎಲೆಕ್ಷನ್‌ಗೆ!”

ಅದೇ ಗಳಿಗೆಗೆ ಪಕ್ಕದ ಮನೆಯ ಗೇಟು ಕಿರ್ರೆಂದಿತು. ಎಂದೂ ಇಲ್ಲದಂತೆ ಬೇಗ ಎದ್ದಿದ್ದ ಮೆಂಬರ್ರು ಏನನ್ನೋ ಹೇಳಬೇಕೆಂಬಂತೆ ನಗುಮುಖದಿಂದ ಒಂದು ಹೆಜ್ಜೆ ಹೊರಗಿಟ್ಟವರು, ಎತ್ತಿ ಹಿಡಿದ ಕುರ್ಚಿಯನ್ನು ಕಂಡು, ಅದೇ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು ಬಾಗಿಲು ಹಾಕಿದರು.

ಎದುರು ಮನೆಯ ಮೆಟ್ಟಿಲ ಮೇಲೆ ಹಲ್ಲುಜ್ಜುತ್ತಿದ್ದ ರೇಡಿಯೋ ಮಾಮ ಬಾಯಿ ಮುಕ್ಕಳಿಸಿ ಎದ್ದು ನಿಂತ. ಅವನನ್ನು ಆ ಬೀದಿಯ ಹಿರಿಕಿರಿಯರೆಲ್ಲ ಮಾಮ ಎನ್ನುತ್ತಿದ್ದರು. ರೇಡಿಯೋ ಎಂಬುದು ಅವನ ದುಡಿಮೆಯಿಂದ ಬಂದ ಬಿರುದು.

“ಶಹಬ್ಬಾಸ್ ಮೇಷ್ಟ್ರೇ! ನಾಮಪತ್ರಕ್ಕೆ ಇವತ್ತೇ ಕಡೇ ದಿನ, ಮಧ್ಯಾಹ್ನ ಮೂರು ಗಂಟೆವರೆಗೆ. ಗೊತ್ತು ತಾನೆ?”

“ಗೊತ್ತು, ಗೊತ್ತು!” ಎಂದರು, ಗೊತ್ತಿಲ್ಲದ ಮೇಷ್ಟ್ರು.

ಒಂದು ಬಿಂದಿಗೆ ನೀರು ತುಂಬುವಷ್ಟರಲ್ಲಿ ಸುದ್ದಿ ಬೀದಿಯ ಆ ತುದಿ ಮುಟ್ಟಿ ಈ ತುದಿಗೆ ಹಿಂದಿರುಗಿತು. ಹಿಂದಿರುಗುವಾಗ ಅದಕ್ಕೆ ಕೈಕಾಲು ಬಂದಿದ್ದವು: ಮೇಷ್ಟ್ರು ಮೆಂಬರ್ರಿಗೆ ಕುರ್ಚಿಯಲ್ಲಿ ಹೊಡೆಯಹೋದರಂತೆ, ಮೆಂಬರ್ರು ಹಿತ್ತಿಲ ಗೋಡೆ ಹಾರಿದರಂತೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರೂ ಕರು ನೋಡಲು ಬಂದರು. ಹರಿದ ಬಟ್ಟೆಯನ್ನು ಹೊಲಿಯಲು ಕರೆದಿದ್ದ ದರ್ಜಿ, ಕುರ್ಚಿಯ ಅಳತೆ ತೆಗೆದು ಮುಗಿಸಿ, ಅದೇ ಟೇಪನ್ನು ಮೇಷ್ಟ್ರ ಎದೆಗೆ ಸುತ್ತಿದ.

“ಇದೇನಯ್ಯಾ?”

“ಗೆದ್ದಮೇಲೆ ಹಾಕ್ಕೊಳ್ಳೋಕೆ ಕೋಟು ಬೇಡ್ವಾ? ಸುಮ್ನಿರಿ ಮೇಷ್ಟ್ರೇ, ಉಸಿರು ಬಿಗಿ ಹಿಡೀಬೇಡಿ. ಮೆಂಬರ್ ಆದೋರಿಗೆ ಎದೆ ಎರಡಿಂಚು ಸಡಿಲ ಇಟ್ಟೇ ಹೊಲೀಬೇಕು. ಆಮೇಲೆ ಉಬ್ಬುತ್ತೆ. ನನ್ನ ಅನುಭವ ಇದು.”

ಅರ್ಜಿ ಹಿಡಿದು ಮೆಂಬರ್ರಿಗಾಗಿ ಕಾಯುತ್ತಿದ್ದವರು ಪಕ್ಕದ ಮನೆಯ ಕಡೆ ನೋಡುವುದನ್ನೇ ಬಿಟ್ಟು ಮೇಷ್ಟ್ರ ಕಡೆ ತಿರುಗಿದರು. ಊರುಗೋಲಿನ ಅಜ್ಜಿಯೊಬ್ಬಳು, “ಅಪ್ಪಾ, ನಮ್ಮ ಓಣಿ ದೀಪ ಮರೀಬೇಡಪ್ಪ. ಕತ್ತಲಲ್ಲಿ ನಿನ್ನೆ ಪಕ್ಕದ ಮನೆಗೆ ನುಗ್ಗಿ ಊಟಕ್ಕೂ ಕೂತುಬಿಟ್ಟಿದ್ದೆ. ಅಡುಗೆ ಚೆನ್ನಾಗಿತ್ತು, ಅದಕ್ಕೇ ಅನುಮಾನ ಬಂತು” ಎಂದಳು. ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆದರು; ಆದರೆ ಅಷ್ಟು ಜನ ಒಟ್ಟಿಗೆ ತಮ್ಮ ಮಾತಿಗಾಗಿ ಕಾಯುವುದನ್ನು ಶಾಲೆ ಬಿಟ್ಟಮೇಲೆ ಅವರು ಕಂಡಿರಲಿಲ್ಲ. ಬಾಯಿ ತಾನಾಗಿ, “ಆಗಲಿ, ನೋಡೋಣ” ಎಂದಿತು.

ಅಡುಗೆಮನೆಗೆ ಬಂದಾಗ ಹೆಂಡತಿ ತರಕಾರಿ ಹೆಚ್ಚುತ್ತಿದ್ದರು.

“ಕೇಳಿದ್ಯೇನೇ? ನಾನು ಎಲೆಕ್ಷನ್‌ಗೆ ನಿಲ್ತಾ ಇದ್ದೀನಿ.”

“ಕೇಳಿಸ್ತು. ಬೀದಿಗೆ ಹೇಳಿದ ಮೇಲೆ ಮನೆಗೂ ಒಂದು ಮಾತು ಹೇಳ್ತಾ ಇದ್ದೀರಲ್ಲ, ಸಂತೋಷ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಯಾಕೆ ನಿಲ್ತಾ ಇದ್ದೀರಿ?”

“ಯಾಕೆ ಅಂದ್ರೆ? ಮೆಂಬರ್ ಇಳಿದರೆ ಈ ಜನ ಇಲ್ಲಿಗೆ ಬರೋದು ನಿಲ್ಲುತ್ತೆ!”

“ಸರಿ. ಅವರು ಇಳಿದು, ನೀವು ಏರಿದರೆ?”

“ಏರಿದರೆ…”

“ಜನ ಯಾರ ಮನೆಗೆ ಬರ್ತಾರೆ?”

ಮೇಷ್ಟ್ರು ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

“ಈಗ ದಾರಿ ತಪ್ಪಿ ಬರ್ತಾ ಇದ್ದಾರೆ,” ಎಂದರು ಹೆಂಡತಿ, ಚಾಕು ನಿಲ್ಲಿಸದೆ. “ಆಮೇಲೆ ದಾರಿ ಗೊತ್ತಿದ್ದೇ ಬರ್ತಾರೆ.”

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಹೊರಗೆ ರೇಡಿಯೋ ಮಾಮ ಆಗಲೇ ಮೂರನೆಯ ಪ್ರಸಾರದಲ್ಲಿದ್ದ. ಈಗ ಹಿಂದೆಗೆದರೆ ಮೇಷ್ಟ್ರು ಹೆದರಿದರು ಎಂದಾಗುತ್ತದೆ. ಮುಂದೆ ಹೋದರೆ ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಗುತ್ತದೆ. ಮೇಷ್ಟ್ರು ಹಿತ್ತಿಲಿನಲ್ಲಿ ಎರಡು ಸುತ್ತು ತಿರುಗಿದರು. ಮೂರನೆಯ ಸುತ್ತಿನಲ್ಲಿ ಅವರ ಮುಖ ಅರಳಿತು. ಮೆಂಬರ್ ಇಳಿಯಬೇಕು, ತಾವು ಏರಬಾರದು, ಹೆದರಿದರು ಎಂದೂ ಆಗಬಾರದು. ಹಾಗಾದರೆ ಬೇಕಾದದ್ದು ಒಬ್ಬ ಯೋಗ್ಯ ಮನುಷ್ಯ. ಅವನ ಯೋಗ್ಯತೆಗಳಲ್ಲಿ ಮುಖ್ಯವಾದದ್ದು, ಅವನ ಮನೆ ಬೀದಿಯ ಆ ತುದಿಯಲ್ಲಿರಬೇಕು.

ಬೀದಿಯ ಆ ತುದಿಯಲ್ಲಿದ್ದದ್ದು ಬೇಕರಿ.

ಬೇಕರಿ ಯಜಮಾನನಿಗೆ ಊರಲ್ಲಿ ಶತ್ರುವೆಂಬುವನಿರಲಿಲ್ಲ. ಬಿಸಿ ಬನ್ನು ಮಾರುವವನ ಮೇಲೆ ಯಾರಿಗೆ ತಾನೆ ದ್ವೇಷ? ಮೇಷ್ಟ್ರು ಅಲ್ಲಿಗೆ ಹೊರಟರು. ಅವರ ಬೆನ್ನಿಗೆ ರೇಡಿಯೋ ಮಾಮ, ಮಾಮನ ಬೆನ್ನಿಗೆ ದರ್ಜಿ, ದರ್ಜಿಯ ಬೆನ್ನಿಗೆ, ಉಪಕಾರ ಮಾಡಿಯೇ ತೀರಬೇಕೆಂದು ಹಟ ತೊಟ್ಟ ಮರದ ಮಂಡಿಯವನು.

ಗಲ್ಲಾದಲ್ಲಿ ಯಜಮಾನನ ಹೆಂಡತಿ ಕುಳಿತಿದ್ದಳು. “ಅವರು ಮಲಗಿದ್ದಾರೆ. ರಾತ್ರಿಯೆಲ್ಲ ಒಲೆ ಮುಂದೆ ನಿಂತು ಈಗಷ್ಟೇ ದಿಂಬಿಗೆ ತಲೆ ಕೊಟ್ಟಿದ್ದಾರೆ. ಸಾಯಂಕಾಲ ಬನ್ನಿ. ಬೆಳಗಿನ ಹೊತ್ತು ಭೂಕಂಪ ಆದ್ರೂ ಎಬ್ಬಿಸಬೇಡ ಅಂದಿದ್ದಾರೆ.”

“ಇದು ಭೂಕಂಪಕ್ಕಿಂತ ದೊಡ್ಡದಮ್ಮ,” ಎಂದು ಮೇಷ್ಟ್ರು ಒಳಕ್ಕೆ ನಡೆದರು.

ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಚೀಲಗಳ ಮೇಲೆ, ತಾನೂ ಒಂದು ಚೀಲದಂತೆ ಯಜಮಾನ ಮಲಗಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲ ಬಿಳಿ. ನಾಲ್ಕು ಸಲ ಕೂಗಿದ ಮೇಲೆ ಒಂದು ಕಣ್ಣು ತೆರೆಯಿತು.

“ಸಿಹಿದಾ, ಸಪ್ಪೆದಾ?” ಎಂದಿತು ಆ ಕಣ್ಣಿನ ಕೆಳಗಿನ ಬಾಯಿ.

“ಬನ್ನಿಗೆ ಬಂದಿಲ್ಲ ಯಜಮಾನ್ರೇ. ನಿಮ್ಮನ್ನ ಮೆಂಬರ್ ಮಾಡೋಕೆ ಬಂದಿದ್ದೀವಿ.”

ಎರಡನೆಯ ಕಣ್ಣೂ ತೆರೆಯಿತು. ಮೇಷ್ಟ್ರು ತಮ್ಮ ಜೀವನದ ಅತ್ಯುತ್ತಮ ಭಾಷಣವನ್ನು ಆ ಹಿಟ್ಟಿನ ಕೋಣೆಯಲ್ಲಿ ಮಾಡಿದರು. ಸೂರ್ಯ ಹುಟ್ಟುವ ಮೊದಲೇ ಮನೆಮನೆಗೆ ಬ್ರೆಡ್ಡು ಮುಟ್ಟಿಸುವವರು ಯಾರು? ಊರೆಲ್ಲ ಮಲಗಿದಾಗ ಊರಿಗಾಗಿ ಎಚ್ಚರವಿರುವವರು ಯಾರು? ಇಂಥವರನ್ನು ಬಿಟ್ಟು, ಹತ್ತು ಗಂಟೆಗೆ ಏಳುವವರನ್ನು ಆರಿಸಿದ್ದು ನಾವು ಮಾಡಿದ ತಪ್ಪಲ್ಲವೇ? ಎಚ್ಚರವನ್ನು ಹೊಗಳುವ ಭರದಲ್ಲಿ ಅವರ ಎದುರಿಗಿದ್ದವನು ಮತ್ತೆ ಎರಡು ಸಲ ನಿದ್ದೆಹೋಗಿ ಎದ್ದುದು ಅವರ ಲಕ್ಷ್ಯಕ್ಕೆ ಬರಲಿಲ್ಲ.

“ಅದೇನೋ ನಿಜ ಮೇಷ್ಟ್ರೇ,” ಎಂದ ಯಜಮಾನ, ಆಕಳಿಸುತ್ತ. “ರಾತ್ರಿ ಬೀದಿ ಸಂಕಟ ಎಲ್ಲ ನನ್ನ ಕಣ್ಣಿಗೇ ಬೀಳೋದು. ಆ ಅಜ್ಜಿ ಓಣಿ ದೀಪ ನೋಡಿ ನನಗೂ ಹೊಟ್ಟೆ ಉರಿಯುತ್ತೆ. ಆದ್ರೆ ನಾನು ರೊಟ್ಟಿ ಸುಡೋನು. ನನಗೇನು ತಿಳಿಯುತ್ತೆ ಇದೆಲ್ಲ?”

ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು. “ಜನ ಬಂದು ಅಂಗಡಿ ಮುಂದೆ ಗುಂಪು ಕಟ್ಟಿದ್ರೆ ನಮ್ಮ ವ್ಯಾಪಾರದ ಗತಿ ಏನು? ಇವರು ಮಲಗಿರುವಾಗ ಅವರ ಹತ್ತಿರ ಮಾತಾಡೋರು ಯಾರು?”

ಗೆಲುವು ಕೈಗೆ ಬಂದಿತ್ತು. ಬಾಯಿಗೆ ಬಾರದೆ ಹೋದೀತೆಂದು ಮೇಷ್ಟ್ರು ಅವಸರಪಟ್ಟರು. “ಅಮ್ಮಾ, ಅದನ್ನೆಲ್ಲ ನೀವು ತಲೆಗೆ ಹಚ್ಕೋಬೇಡಿ. ಪೂರಾ ಜವಾಬ್ದಾರಿ ನನ್ನದು. ಯಜಮಾನ್ರ ಬೆನ್ನ ಹಿಂದೆ ಬಂಡೆ ಹಾಗೆ ನಿಂತಿರ್ತೀನಿ.”

“ಮಾತು ಕೊಟ್ಟ ಹಾಗೆ?”

“ಕೊಟ್ಟ ಹಾಗೆ!”

“ಬಂಡೆ ಅಂದ್ರು, ಕೇಳಿಸ್ಕೊಂಡ್ರಲ್ಲ?” ಎಂದು ರೇಡಿಯೋ ಮಾಮ ದರ್ಜಿಯನ್ನೂ ಮಂಡಿಯವನನ್ನೂ ಸಾಕ್ಷಿಗೆ ನಿಲ್ಲಿಸಿಕೊಂಡ.

ಪುರಸಭೆಯ ಕಚೇರಿಯಲ್ಲಿ ಮೊದಲ ತೊಡಕು ಭಾವಚಿತ್ರದ್ದು. ಅರ್ಜಿಗೆ ಉಮೇದುವಾರನ ಭಾವಚಿತ್ರ ಅಂಟಿಸಬೇಕು. ಚಿತ್ರದಲ್ಲಿ ಕಣ್ಣು ತೆರೆದಿರಬೇಕು. ಎದುರಿನ ಸ್ಟುಡಿಯೋದಲ್ಲಿ ಯಜಮಾನನನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೆಳಕು ಮಿಂಚಿದಾಗಲೆಲ್ಲ ಅವನ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿದ್ದು ಹಾಗೆಯೇ ನಿಂತು ಗೊರಕೆಯಾಗುತ್ತಿತ್ತು. ಮೂರು ಸಲ ಸೋತ ಫೋಟೋದವನು, “ಇವರನ್ನ ಎದ್ದಿರುವಾಗ ಕರ್ಕೊಂಡು ಬನ್ನಿ” ಎಂದು ಕೈಚೆಲ್ಲಿದ. ಆಗ ರೇಡಿಯೋ ಮಾಮ ಯಜಮಾನನ ಕಿವಿಯ ಬಳಿ ಬಾಗಿ ಕಿರುಚಿದ:

“ಅಯ್ಯಯ್ಯೋ, ಒಲೇಲಿ ಬ್ರೆಡ್ಡು ಸೀದುಹೋಯ್ತು!”

ಯಜಮಾನನ ಕಣ್ಣುಗಳು ಗಿರಣಿಯ ಚಕ್ರಗಳಂತೆ ಅಗಲವಾದವು. ಅದೇ ಕ್ಷಣಕ್ಕೆ ಕ್ಯಾಮೆರಾ ಕ್ಲಿಕ್ಕೆಂದಿತು. ಮುಂದೆ ಆ ಚಿತ್ರ ಪುರಸಭೆಯ ಗೋಡೆ ಏರಿದಾಗ, ವಾರ್ಡಿನ ಸ್ಥಿತಿ ಕಂಡು ಇಷ್ಟು ಕಳವಳಗೊಂಡ ಸದಸ್ಯರು ಇನ್ನೊಬ್ಬರಿಲ್ಲ ಎಂದು ಜನ ಕೊಂಡಾಡಿದರು.

ಎರಡನೆಯ ತೊಡಕು ಅಧಿಕಾರಿಯದು. ಸಾಲಿನಲ್ಲಿ ನಿಂತಿದ್ದಷ್ಟು ಹೊತ್ತೂ ಯಜಮಾನ ಮೇಷ್ಟ್ರ ಹೆಗಲಿಗೆ ಒರಗಿಕೊಂಡೇ ಇದ್ದ. ಬಂಡೆ ತನ್ನ ಕೆಲಸವನ್ನು ಆಗಲೇ ಆರಂಭಿಸಿತ್ತು.

“ಉಮೇದುವಾರರು ಯಾರು?” ಎಂದರು ಅಧಿಕಾರಿ.

“ಇವರು ಸ್ವಾಮೀ.”

“ಎಚ್ಚರ ಇದ್ದಾರಾ?”

“ವಾರ್ಡಿನ ವಿಚಾರ ಯೋಚನೆ ಮಾಡ್ತಾ ಇದ್ದಾರೆ.”

“ಗೊರಕೆ ಹೊಡೀತಾ ಇದ್ದಾರಲ್ರೀ!”

“ಆಳವಾಗಿ ಯೋಚನೆ ಮಾಡ್ತಾ ಇದ್ದಾರೆ.”

ಅಧಿಕಾರಿ ಮೇಜು ಕುಟ್ಟಿ ಎಬ್ಬಿಸಿ ರುಜು ಮಾಡಿಸಿಕೊಂಡರು. ರುಜುವಿನ ಪಕ್ಕದಲ್ಲಿ ಐದು ಬೆರಳಿನ ಹಿಟ್ಟಿನ ಗುರುತೂ ಬಿತ್ತು. ಸೂಚಕರ ಜಾಗದಲ್ಲಿ ಮೇಷ್ಟ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ರುಜು ಹಾಕಿದರು.

ಹೊರಗೆ ಬಂದಾಗ ಕಂಬದ ಬಳಿ ಬಿಳಿ ಅಂಗಿ ತೊಟ್ಟ ಗುತ್ತಿಗೆದಾರನೊಬ್ಬ ಕಾಗದ ಹಿಡಿದು ನಿಂತಿದ್ದ. ಎರಡು ಬೀದಿ ಆಚೆ ಅವನ ಮನೆ. ಒಂದು ಕಾಲಕ್ಕೆ ಮೇಷ್ಟ್ರ ತರಗತಿಯ ಕೊನೆಯ ಬೆಂಚಿನಲ್ಲಿ ಅವನ ಬಿಡಾರ. ಮೇಷ್ಟ್ರನ್ನು ಕಂಡವನೇ ಕೈ ಮುಗಿದ.

“ಮೇಷ್ಟ್ರೇ, ನೀವು ನಿಂತಿದ್ದೀರಂತೆ! ಬೆಳಗ್ಗೆಯೇ ಕೇಳಿದೆ.”

“ನಾನಲ್ಲಪ್ಪ, ನಮ್ಮ ಬೇಕರಿ ಯಜಮಾನ್ರು. ನಾನು ಬರೀ ಸೂಚಕ.”

“ಎಲ್ಲ ಒಂದೇ. ನೀವು ಸೂಚಿಸಿದ ಮೇಲೆ ನೀವೇ ನಿಂತ ಹಾಗೆ. ನಾನೂ ನಿಲ್ಲೋಣ ಅಂತ ಬಂದಿದ್ದೆ. ಆದ್ರೆ ಹೂಜಿ ಬರೆಯೋಕೆ ಕಲಿಸಿದ ಗುರುಗಳ ಎದುರು ನಾನು ನಿಲ್ಲೋದುಂಟಾ? ನನ್ನ ಹೂಜಿಗೆ ಹಿಡಿ ಮರೆತುಹೋಗಿದ್ರೂ ನೀವು ಪಾಸು ಮಾಡಿದ್ರಿ.” ಅವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿ, ಹೊರಟೇಹೋದ.

ಮೇಷ್ಟ್ರ ಕಣ್ಣು ತುಂಬಿ ಬಂತು. “ನೋಡಿದ್ಯಾ ಮಾಮ? ಇಂಥ ಶಿಷ್ಯ ಎಲ್ಲಿ ಸಿಗ್ತಾನೆ?”

ಮೂರರ ಗಂಟೆ ಹೊಡೆಯಿತು. ಆ ವಾರ್ಡಿಗೆ ಬಂದಿದ್ದದ್ದು ಒಂದೇ ನಾಮಪತ್ರ. ಮೆಂಬರ್ರ ಸುಳಿವೇ ಇರಲಿಲ್ಲ. ಎದುರಾಳಿಯಿಲ್ಲದ ಮೇಲೆ ಇವರೇ ಅವಿರೋಧವಾಗಿ ಆಯ್ಕೆ, ಉಳಿದದ್ದು ಬರಿಯ ಶಾಸ್ತ್ರ ಎಂದು ಅಧಿಕಾರಿ ಹೇಳಿದ್ದೇ ಜನ ಚಪ್ಪಾಳೆ ತಟ್ಟಿದರು. ವಿಜಯಿಯಾದವನು ಆ ಸದ್ದಿಗೂ ಏಳಲಿಲ್ಲ. ಹಿಟ್ಟು ತರುವ ತಳ್ಳುಗಾಡಿಯಲ್ಲಿ ಅವನನ್ನು ಮಲಗಿಸಿ, ಮರದ ಮಂಡಿಯವನು ಮುಂದೆ ಎಳೆದು, ದರ್ಜಿ ಹಿಂದೆ ನೂಕಿ, ಬೀದಿಯುದ್ದಕ್ಕೂ ಮೆರವಣಿಗೆ ಮಾಡಿದರು. ಮೇಷ್ಟ್ರು ಪಕ್ಕದಲ್ಲಿ ಹಗುರಾಗಿ ನಡೆಯುತ್ತಿದ್ದರು. ನಾಳೆಯ ಬೆಳಗು, ಖಾಲಿ ಜಗಲಿ, ಎಡಗೈಗೆ ಕಾಫಿ, ಬಲಗೈಗೆ ಪತ್ರಿಕೆ. ಅವರಿಗೆ ನೆಲವೇ ಕಾಣುತ್ತಿರಲಿಲ್ಲ.

ಸಂಜೆ ಜಗಲಿಯಲ್ಲಿ ಒಬ್ಬರೇ ನಿಂತು ಆ ಖಾಲಿತನದ ರುಚಿ ನೋಡುತ್ತಿದ್ದಾಗ ಗೇಟು ಕಿರ್ರೆಂದಿತು. ಪಕ್ಕದ ಮನೆಯ ಮೆಂಬರ್ರು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಮೆಂಬರ್ರು ನಗುತ್ತಿದ್ದರು.

“ಈಗ ಕುರ್ಚಿ ಕೈಯಲ್ಲಿಲ್ಲ ತಾನೆ? ಹಾಗಾದ್ರೆ ಧೈರ್ಯವಾಗಿ ಬರ್ತೀನಿ. ಬೆಳಗ್ಗೆಯೇ ಹೇಳೋಣ ಅಂತ ಬಂದಿದ್ದೆ ಮೇಷ್ಟ್ರೇ, ನೀವು ಬಿಡ್ಲಿಲ್ಲ. ನಾನು ಈ ಸಲ ನಿಲ್ಲಲ್ಲ ಅಂತ ಯಾವಾಗ್ಲೋ ತೀರ್ಮಾನ ಮಾಡಿದ್ದೆ. ಮಗಳ ಊರಲ್ಲಿ ಮನೆ ನೋಡಿದ್ದೀನಿ, ಬರೋ ತಿಂಗಳು ಹೊರಟೆ. ಇಷ್ಟು ವರ್ಷ ನನ್ನಿಂದ ನಿಮಗೆ ತೊಂದರೆ ಆಯ್ತು. ಇನ್ನು ನಿಮ್ಮ ಜಗಲಿ ನಿಮ್ಮದು ಅಂತ ಒಳ್ಳೇ ಸುದ್ದಿ ಹೇಳೋಕೆ ಬೇಗ ಎದ್ದಿದ್ದೆ.”

“ನಿಲ್ಲಲ್ಲ ಅಂತ… ಮೊದಲೇ?”

“ಮೊದಲೇ. ನನ್ನ ಜಾಗಕ್ಕೆ ನಿಮ್ಮ ಶಿಷ್ಯ ಆ ಗುತ್ತಿಗೆದಾರನ್ನ ನಾನೇ ಒಪ್ಪಿಸಿದ್ದೆ. ಪಾಪ, ಬಂದ ಜನ ಕೂರಲಿ ಅಂತ ಮನೆ ಮುಂದೆ ದೊಡ್ಡ ಹಾಲ್ ಕಟ್ಟಿಸಿ, ಐವತ್ತು ಕುರ್ಚಿ ಹಾಕಿಸಿ, ಫ್ಯಾನ್ ಬೇರೆ ಇಡಿಸಿದ್ದ. ಅದೇನೋ ಕಡೇ ಗಳಿಗೇಲಿ, ‘ನಮ್ಮ ಮೇಷ್ಟ್ರ ಮುಂದೆ ನಾನು ನಿಲ್ಲಲ್ಲ’ ಅಂತ ಹಿಂದೆ ಬಂದುಬಿಟ್ಟ. ಎಂಥ ಗುರುಭಕ್ತಿ ಅಂತೀರಿ!”

ಐವತ್ತು ಕುರ್ಚಿಗಳು ಒಂದೊಂದಾಗಿ ಮೇಷ್ಟ್ರ ಕಣ್ಣ ಮುಂದೆ ಸಾಲುಗಟ್ಟಿ ಹಾದುಹೋದವು. ಹಿಡಿಯಿಲ್ಲದ ಹೂಜಿಯನ್ನು ಪಾಸು ಮಾಡಿದ ಪಾಪ ಇಷ್ಟು ವರ್ಷದ ಮೇಲೆ ಫಲ ಕೊಟ್ಟಿತ್ತು.

“ಹೋಗ್ಲಿ,” ಎಂದರು ಕೊನೆಗೆ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. “ಬೇಕರಿಯಾದ್ರೂ ದೂರ ಇದೆಯಲ್ಲ.”

ಆ ಹುಲ್ಲುಕಡ್ಡಿಯೇ ಆ ಹೊತ್ತಿಗೆ ಗೇಟು ದೂಡಿಕೊಂಡು ಬಂತು. ಸಂಜೆಯೆಂದರೆ ಬೇಕರಿ ಯಜಮಾನನಿಗೆ ಬೆಳಗು. ಸ್ನಾನ ಮಾಡಿ, ಹುಬ್ಬಿನ ಹಿಟ್ಟು ತೊಳೆದು, ಹಸನ್ಮುಖನಾಗಿ ಬಂದಿದ್ದ. ಹಿಂದೆ ಮರದ ಮಂಡಿಯವನ ತಲೆಯ ಮೇಲೆ ಹೊಸದೊಂದು ಉದ್ದನೆಯ ಬೆಂಚು.

“ಇಲ್ಲಿ ಗೋಡೆಗೆ ಹಾಕಪ್ಪ,” ಎಂದ ಯಜಮಾನ. “ಮೇಷ್ಟ್ರೇ, ನಾಳೆ ಬೆಳಗ್ಗೆಯಿಂದ ಜನ ಬರ್ತಾರೆ. ಬೆಳಗಿನ ಹೊತ್ತು ನನಗೆ ನಡುರಾತ್ರಿ ಅನ್ನೋದು ನಿಮಗೆ ಗೊತ್ತೇ ಇದೆ. ಅಂಗಡಿ ಮುಂದೆ ಗುಂಪು ಸೇರಿದ್ರೆ ನಮ್ಮವಳು ನನ್ನನ್ನೇ ಒಲೆಗೆ ಹಾಕ್ತಾಳೆ. ಅದಕ್ಕೇ ಮೆಂಬರ್ ಭೇಟಿ ಇಲ್ಲೇ ಅಂತ ಎಲ್ಲರಿಗೂ ಹೇಳಿಬಿಟ್ಟೆ. ನೀವು ಅವರ ಕಷ್ಟ ಕೇಳಿ, ಅರ್ಜಿ ಬರೆದು ಇಟ್ಟಿರಿ. ಸಾಯಂಕಾಲ ಎದ್ದು ಬಂದು ನಾನು ನೋಡ್ತೀನಿ. ಅಜ್ಜಿ ಓಣಿ ದೀಪದ ಮಾತು ಆಗಲೇ ಆಡಿ ಬಂದೆ.”

“ಅಲ್ಲ ಯಜಮಾನ್ರೇ, ನಮ್ಮ ಮನೇಲಿ…”

“ಬಂಡೆ ಹಾಗೆ ನಿಂತಿರ್ತೀನಿ ಅಂದ್ರಲ್ಲ!”

“ಅಂದ್ರು,” ಎಂದ ಎದುರು ಮನೆಯ ಮೆಟ್ಟಿಲಿನಿಂದ ರೇಡಿಯೋ ಮಾಮ. “ಮೂರು ಜನ ಸಾಕ್ಷಿ ಇದ್ದೀವಿ.”

“ಬಂಡೆ ಯಾಕೆ ನಿಂತಿರ್ಬೇಕು?” ಎಂದು ಮರದ ಮಂಡಿಯವನು ಬೆಂಚನ್ನು ಒರೆಸಿದ. “ಕೂತ್ಕೊಳ್ಳಲಿ ಅಂತಾನೇ ನಾನು ಇದನ್ನ ಮಾಡಿಸಿದ್ದು. ಬೆಳಗ್ಗೆ ಮಾಡಿದ ತಪ್ಪಿಗೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ನೆರವಿಗಾಗಿ ಹೆಂಡತಿಯ ಕಡೆ ತಿರುಗಿದರು. ಅವರು ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದರು.

“ನನ್ನ ಯಾಕೆ ನೋಡ್ತೀರಿ? ಬೆಳಗ್ಗೆ ನೀವು ಪತ್ರಿಕೆಯಲ್ಲಿ ಮುಳುಗಿದ್ರೆ ನನಗೆ ಮಾತಿಗೆ ಜೊತೆ ಅಂತ ಇದ್ದದ್ದೇ ಆ ಜನ. ಜಗಲಿ ಖಾಲಿ ಆಗುತ್ತೆ ಅಂತ ನನಗೇ ಬೇಜಾರಾಗಿತ್ತು. ಈಗ 'ಆಗಲಿ, ನೋಡೋಣ' ಅನ್ನಿ ಮತ್ತೆ. ಬೆಳಗ್ಗೆ ಅದನ್ನ ಹೇಳುವಾಗ ನಿಮ್ಮ ಮುಖ ನೋಡಿದೆ. ಮೇಷ್ಟ್ರು ಮತ್ತೆ ಶಾಲೆಗೆ ಹೋದ ಹಾಗಿತ್ತು.” ಎನ್ನುತ್ತ ಕೆಂಪು, ಕಪ್ಪು ಬಣ್ಣದ ಡಬ್ಬಿಗಳನ್ನೂ ಕುಂಚವನ್ನೂ ತಂದು ಕೈಗಿತ್ತರು. “ಬೋರ್ಡು ಒಂದು ಸರಿಮಾಡಿಬಿಡಿ. ಬೆಳಕಿರುವಾಗಲೇ.”

ಮೇಷ್ಟ್ರು ಗೇಟಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತರು. ಮೊದಲು ಮುನಿಸಿನಿಂದಲೇ ‘ಪಕ್ಕದ ಮನೆ’ಯನ್ನು ಅಳಿಸಿದರು. ಆದರೆ ಕುಂಚ ಹಿಡಿದ ಕೈಗೆ ಮುನಿಸು ಬಹಳ ಹೊತ್ತು ನಿಲ್ಲುವುದಿಲ್ಲ. ‘ಮೆಂಬರ್ ಭೇಟಿಗೆ’ ಎಂಬುದರ ನೆರಳನ್ನು ಇನ್ನಷ್ಟು ತಿದ್ದಿ, ಪಕ್ಕಕ್ಕೆ ಹಾರುತ್ತಿದ್ದ ಬಾಣವನ್ನು ಅಳಿಸಿ, ನೆಟ್ಟಗೆ ತಮ್ಮದೇ ಮೆಟ್ಟಿಲ ಕಡೆಗೆ ತಿರುಗಿಸಿದರು. ಮೊದಲಿನದಕ್ಕಿಂತ ಇದು ಚೆಂದವಾಗಿ ಬಂತು. ತಲೆ ವಾಲಿಸಿ ನೋಡಿಕೊಂಡು, ಬೇಡವೆಂದರೂ ತುಟಿಯಂಚಿಗೆ ಬಂದ ನಗುವನ್ನು ಗೇಟಿನ ಕಡೆ ತಿರುಗಿ ಮುಗಿಸಿಕೊಂಡರು.

ಅಷ್ಟರಲ್ಲಿ ದರ್ಜಿ ಕುರ್ಚಿಯನ್ನು ತಂದ. ಎರಡು ಪದರದ ಬಟ್ಟೆ, ಎರಡೆಳೆಯ ಹೊಲಿಗೆ. “ಇನ್ನು ಆನೆ ಕೂತ್ರೂ ಹರಿಯಲ್ಲ” ಎಂದು ಅದನ್ನು ಮೂಲೆಯಲ್ಲಿ ಬಿಡಿಸಿಟ್ಟ. ಮೇಷ್ಟ್ರು ಕೈಗಂಟಿದ ಬಣ್ಣ ತೊಳೆದು, ಪಂಚೆಯಂಚಿಗೆ ಒರೆಸಿಕೊಂಡು, ದಿನದ ದಣಿವನ್ನೆಲ್ಲ ಅದರಲ್ಲಿ ಇಳಿಸಬೇಕೆಂದು ಬಂದರು.

ಕುರ್ಚಿಯಲ್ಲಿ ಬೇಕರಿ ಯಜಮಾನ ಕಾಲು ಚಾಚಿ ಒರಗಿದ್ದ. ಬೆಳಗಿನ ಪ್ರಸಂಗವನ್ನು ರೇಡಿಯೋ ಮಾಮನ ಬಾಯಲ್ಲಿ ಮಾತಿಗೆ ಮಾತಾಗಿ ಕೇಳಿದ್ದನೋ ಏನೋ, ಮೇಷ್ಟ್ರನ್ನು ಕಂಡು ಗಂಭೀರವಾಗಿ ಗಂಟಲು ಸರಿಪಡಿಸಿಕೊಂಡ.

“ಬನ್ನಿ, ಬನ್ನಿ, ಬೆಂಚಿನ ಮೇಲೆ ಜಾಗ ಇದೆ, ಕೂತ್ಕೊಳ್ಳಿ. ನಿಮ್ಮದೇನು? ನಲ್ಲಿನಾ, ಚರಂಡಿನಾ?”

ಮೇಷ್ಟ್ರು ಹೊಸ ಬೆಂಚಿನ ತುದಿಯಲ್ಲಿ, ಹೆಂಡತಿ ಕೊಟ್ಟ ಕಾಫಿ ಹಿಡಿದು ಕುಳಿತರು. ಒಂದು ಗುಟುಕು ಕುಡಿದರು. ಬಿಸಿಯಾಗಿತ್ತು, ಹದವಾಗಿತ್ತು.

“ಎರಡೂ ಅಲ್ಲ ಸ್ವಾಮೀ,” ಎಂದರು. “ನನ್ನದು ಕುರ್ಚಿ.”

“ಹಾಗಾ?” ಎಂದ ನೂತನ ಸದಸ್ಯ, ಇನ್ನಷ್ಟು ಒರಗಿ ಕಣ್ಣು ಮುಚ್ಚುತ್ತ. “ಒಂದು ಅರ್ಜಿ ಬರೆದು ಕೊಡಿ. ನೋಡೋಣ.”